ನಾಲೋಂಗೊ ಫೋಟೊದ ಮುಂದೆ ಮೇಣದಬತ್ತಿ

ಉಗಾಂಡದ ಹೆದ್ದಾರಿಯ ಮೇಲಿನ ನಮ್ಮ ಊರು ಲುಕಾಯದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗೆ ಕೈ ಮುಟ್ಟಿಸುವವಳೆಂದರೆ ನಾಲೋಂಗೊ ಒಬ್ಬಳೇ. ಒಂದು ಕೈಯಲ್ಲಿ ಕೆಂಡದ ಮೇಲೆ ಸುಟ್ಟ ಗೊಂಜ ಬಾಳೆಹಣ್ಣು, ಇನ್ನೊಂದರಲ್ಲಿ ಕಡ್ಡಿಗೆ ಚುಚ್ಚಿದ ಕೋಳಿ. ವಯಸ್ಸು ಐವತ್ತು ದಾಟಿದೆ, ಮಂಡಿ ನೋವು ಬೇರೆ. ಆದರೂ ನಾನು ಒಲೆ ಬಿಟ್ಟು ಏಳುವುದರೊಳಗೆ ಅವಳ ವ್ಯಾಪಾರ ಮುಗಿದಿರುತ್ತದೆ. ಅವಳ ಪಕ್ಕದ ಒಲೆಯೇ ನನ್ನದು. ಅವಳ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದೇನೆ, ಜಗಳ ಕಾಯ್ದಿದ್ದೇನೆ, ಅವಳ ಮನೆಯ ಉಪ್ಪನ್ನೂ ತಿಂದಿದ್ದೇನೆ.

ನಾಲೋಂಗೊ ಎಂಬುದು ಹೆಸರಲ್ಲ. ಅವಳಿ ಹೆತ್ತವಳಿಗೆ ನಮ್ಮ ಜನ ಕೊಡುವ ಮರ್ಯಾದೆ ಅದು. ಅವಳ ಅವಳಿ ಗಂಡುಮಕ್ಕಳು ಮೊಲೆ ಬಿಡುವ ಮುಂಚೆಯೇ ಹಾರಿಹೋದವು. ಅವಳಿಗಳು ಸತ್ತವು ಎಂದು ನಮ್ಮಲ್ಲಿ ಅನ್ನಬಾರದು, ಹಾರಿಹೋದವು ಎನ್ನಬೇಕು. ಯಾರಾದರೂ ಬಾಯಿತಪ್ಪಿ ಆ ಇನ್ನೊಂದು ಮಾತು ಆಡಿದರೆ ನಾಲೋಂಗೊ ಕೆಂಡ ಕೆದಕುವ ಕೋಲು ಹಿಡಿದು ಎದ್ದುಬಿಡುತ್ತಿದ್ದಳು. ಅವುಗಳ ಬೆನ್ನಿಗೆ ಹುಟ್ಟಿದವಳು ಕಿಜ್ಜಾ. ಆ ಕೂಸು ನಡೆಯಲು ಕಲಿಯುವಷ್ಟರಲ್ಲಿ ಗಂಡನೂ ಹೋದ. ನಾಲೋಂಗೊಗೆ ಉಳಿದದ್ದು ಆ ಹುಡುಗಿ ಮತ್ತು ಹುಡುಗಿಯ ಗಂಟಲು.

ಆ ಗಂಟಲು ನೈರೋಬಿಯ ಟಿ.ವಿ.ಯವರು ನಡೆಸುವ ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನವರೆಗೆ ಏರಿತು. ಫೈನಲ್ಲಿಗೆ ಮುಂಚೆ ಕಿಜ್ಜಾ ಅಮ್ಮನಿಗೆ ಫೋನು ಮಾಡಿ ಅವಳದೊಂದು ಒಳ್ಳೆಯ ಫೋಟೊ ಕಳಿಸೆಂದಳು. ನಾಲೋಂಗೊ ಹಬ್ಬಕ್ಕೆ ಉಡುವ ತನ್ನ ಹಳದಿ ಗೊಮೆಸಿ ನಿಲುವಂಗಿ ಉಟ್ಟು, ಅದರ ಭುಜದ ಮೊನೆಗಳನ್ನು ನೆಟ್ಟಗೆ ನಿಲ್ಲಿಸಿ, ಫೋನು ನನ್ನ ಕೈಗೆ ಕೊಟ್ಟು ನಿಂತಳು.

"ನಗ್ಬೇಕಾ, ಬೇಡ್ವಾ?" ಎಂದು ನನ್ನನ್ನು ಕೇಳಿದಳು.

"ನಗು, ಹಲ್ಲು ಇರೋವಾಗ್ಲೇ ನಗು" ಎಂದೆ.

ಫೈನಲ್ಲಿನ ದಿನ ಸಂಜೆ ಇಡೀ ಊರು ಮುತ್ಯಾಬನ ವಿಡಿಯೊ ಹಾಲಿನಲ್ಲಿ ತುಂಬಿಕೊಂಡಿತು. ಟಿ.ವಿ.ಯ ಮಾತು ಇಂಗ್ಲಿಷು, ನಮ್ಮಲ್ಲಿ ಹೆಚ್ಚಿನವರಿಗೆ ಬಾರದು. ಪರದೆಯ ಪಕ್ಕ ಮೈಕು ಹಿಡಿದು ಕೂತು ಎಲ್ಲವನ್ನೂ ನಮ್ಮ ಮಾತಿಗೆ ತರುವುದೇ ಮುತ್ಯಾಬನ ಕಸುಬು. ಪರದೆಯವನು ಒಂದಾಡಿದರೆ ಇವನು ಹತ್ತು ಸೇರಿಸುತ್ತಾನೆ. ಸತ್ಯಕ್ಕೆ ಅವನಲ್ಲಿ ಹೋಗುವವರಿಲ್ಲ, ಸ್ವಾರಸ್ಯಕ್ಕೆ ಹೋಗುತ್ತಾರೆ.

ನಾಲೋಂಗೊಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಕೊನೆಯ ಹಾಡಿಗೆ ಮೊದಲು ಸ್ಪರ್ಧಿಗಳು ತಮ್ಮ ತಮ್ಮ ಬದುಕಿನ ಕಥೆ ಹೇಳಬೇಕಿತ್ತು. ಕಿಜ್ಜಾ ಬಂದು ನಿಂತಳು. ಅವಳ ಬೆನ್ನ ಹಿಂದೆ ಗೋಡೆಯಷ್ಟು ದೊಡ್ಡದಾಗಿ ನಾಲೋಂಗೊಳ ಫೋಟೊ ಮೂಡಿತು. ಕೂತವರೆಲ್ಲ ಕೇಕೆ ಹಾಕಿದರು. ನಾಲೋಂಗೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಫೋಟೊದ ಹಳದಿ ಬಣ್ಣ ಇಳಿದು ಕಪ್ಪುಬಿಳುಪಾಯಿತು. ಕೆಳಗೆ ಒಂದು ಮೇಣದಬತ್ತಿ ಹೊತ್ತಿಕೊಂಡಿತು.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಕಿಜ್ಜಾ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ತಿಳಿಯಿತು. ನನ್ನಮ್ಮ ಈ ಹಾಡು ಕೇಳಲು ಇಲ್ಲ, ಅವಳನ್ನು ನನ್ನ ಕೈಯಾರೆ ಮಣ್ಣು ಮಾಡಿದ್ದೇನೆ, ಎಂದು ಅತ್ತಳು. ಹಿಂದೆ ಕೂತ ಶಾಲೆಯ ಹುಡುಗಿಯರ ಕೇಕೆ ಅರ್ಧಕ್ಕೇ ನಿಂತಿತು.

ಮುತ್ಯಾಬ ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಏನಂತಾಳಪ್ಪಾ? ಮೇಣದಬತ್ತಿ ಯಾಕೆ ಹಚ್ಚಿದ್ದಾರೆ?" ನಾಲೋಂಗೊ ಕೇಳಿದಳು.

"ಅದಾ... ಕರೆಂಟಿಲ್ಲದ ಮನೇಲಿ ನಮ್ಮಮ್ಮ ಮೇಣದಬತ್ತಿ ಬೆಳಕಲ್ಲಿ ನನ್ನ ಓದಿಸಿದಳು ಅಂತಿದ್ದಾಳೆ, ನಾಲೋಂಗೊ. ಅವಳ ಋಣ ತೀರ್ಸಕ್ಕಾಗಲ್ಲ ಅಂತ ಅಳ್ತಿದ್ದಾಳೆ."

"ಅಯ್ಯೋ ಹುಚ್ಚಿ! ಮೇಣದಬತ್ತಿ ಎಲ್ಲಿತ್ತು ನಮ್ಮನೇಲಿ? ಸೀಮೆಎಣ್ಣೆ ಬುಡ್ಡಿ ಅಲ್ವೇನೇ!" ಎಂದು ನಾಲೋಂಗೊ ಪರದೆಗೇ ಹೇಳಿ, ನಕ್ಕು, ಅತ್ತಳು.

ಕಿಜ್ಜಾ ಹಾಡಿದಳು, ಗೆದ್ದಳು. ತಲೆಗೆ ಕಿರೀಟ ಇಟ್ಟರು. ಊರಿನವರು ನಾಲೋಂಗೊಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಇಂಗ್ಲಿಷು ತಿಳಿದ ನಾವು ನಾಲ್ಕಾರು ಜನ ಹಿಂದೆ ಹಿಂದೆ ನಡೆದೆವು. ಅಷ್ಟು ಸಂತೋಷವಾಗಿದ್ದ ಅವಳ ಮುಖವನ್ನು ನಾನು ನೋಡಲಾರದೆ ಹೋದೆ.

ಮಾರನೆಯ ಬೆಳಿಗ್ಗೆ ಒಲೆಯ ಹತ್ತಿರ ಅವಳ ಫೋನು ಬಡಿದುಕೊಂಡಿತು. ಕೈಯೆಲ್ಲ ಮಸಿ, ಅದಕ್ಕೆ ಸ್ಪೀಕರಿಗೆ ಹಾಕಿ ಮಣೆಯ ಮೇಲಿಟ್ಟಳು.

"ಅಮ್ಮಾ, ಟಿ.ವಿ.ಯವರು ನನ್ನ ಜೊತೆ ಊರಿಗೆ ಬರ್ತಾರಂತೆ."

"ಬರ್ಲಿ ಮಗಳೇ! ಕೋಳಿ ಕುಯ್ತೀನಿ."

"ಅವರಿಗೆ... ಗೋರಿ ತೋರಿಸ್ಬೇಕಂತೆ."

"ಯಾರ ಗೋರೀನೇ?"

ಕಿಜ್ಜಾ ಎಲ್ಲವನ್ನೂ ಬಡಬಡ ಒದರಿಬಿಟ್ಟಳು. ಬರೀ ಹಾಡು ಸಾಲದು, ಜನ ಅಳಬೇಕು ಎಂದರಂತೆ. ಉಳಿದವರಿಗೆಲ್ಲ ಒಂದೊಂದು ದುಃಖ ಇತ್ತಂತೆ, ಇವಳಿಗೆ ಏನೂ ತೋಚದೆ ಈ ಮಾತು ಬಾಯಿಗೆ ಬಂತಂತೆ. ಈಗ ಸುಳ್ಳೆಂದು ಗೊತ್ತಾದರೆ ಕಿರೀಟ ಕಿತ್ತುಕೊಳ್ಳುತ್ತಾರಂತೆ.

"ಗೊಂಜ ಸೀದುಹೋಗ್ತಿದೆ, ಇಡ್ತೀನಿ" ಎಂದಳು ನಾಲೋಂಗೊ. ಆ ಹೊತ್ತು ಎರಡು ಬಸ್ಸು ಬಂದು ಹೋದವು. ಅವಳು ಕೂತಲ್ಲಿಂದ ಏಳಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಹೆತ್ತವಳನ್ನ ಹೂತು ಕಿರೀಟ ಇಟ್ಕೊಂಡ್ಲಲ್ಲೇ! ಬರ್ಲಿ ಅವಳು, ಕ್ಯಾಮೆರಾ ಮುಂದೇನೇ ಮುಖಕ್ಕೆ ಮಂಗಳಾರತಿ ಎತ್ತು!"

"ಬಾಯಿ ಮುಚ್ಚೇ. ಇಬ್ರು ಹಾರಿಹೋದ್ರು. ಇವಳೊಬ್ಬಳು ಕೂತಿರೋ ಕೊಂಬೆ ನಾನು ಕಡೀಲಾ?"

"ಫೋಟೊದಲ್ಲಿ ನಿನ್ನ ಮುಖ ನೋಡಿದ್ದಾರಲ್ಲೇ?"

"ಆ ಫೋಟೊದವಳ ತಂಗಿ ಅಂತ ಹೇಳಿದ್ರಾಯ್ತು. ನಾನು ಅವಳ ಚಿಕ್ಕಮ್ಮ." ಕೆಂಡ ಕೆದಕಿದಳು. "ಕ್ಯಾಮೆರಾ ಒಳಗಿಟ್ಟ ಮೇಲೆ ಒಂದ್ಸಲ ಅಮ್ಮಾ ಅಂತಾಳೆ. ಅಷ್ಟು ಸಾಕು ನಂಗೆ."

ನಾಲೋಂಗೊ ಮಗಳಿಗೂ ಫೋನಿನಲ್ಲಿ ಹಾಗೇ ಹೇಳಿಕೊಟ್ಟಳು. ಊರಿಗೆ ಊರೇ ತುಟಿ ಹೊಲಿದುಕೊಂಡಿತು. ಟಿ.ವಿ.ಯವರು ಬಂದ ದಿನ ಅವರಿಗೂ ನಮಗೂ ನಡುವೆ ಮಾತು ಸಾಗಿಸಲು ಮುತ್ಯಾಬನನ್ನೇ ಕರೆದರು. ಕಾರಿನಿಂದ ಇಳಿದ ಕಿಜ್ಜಾ ನಮ್ಮ ಹೆಣ್ಣುಮಕ್ಕಳ ರೂಢಿಯಂತೆ ಮಂಡಿಯೂರಿ, "ಚೆನ್ನಾಗಿದ್ದೀಯಾ, ಚಿಕ್ಕಮ್ಮ?" ಎಂದಳು. ಕ್ಯಾಮೆರಾದವನು ನಾಲೋಂಗೊಳನ್ನು ನೋಡಿ, ಅಕ್ಕತಂಗಿಯರೆಂದರೆ ಹೀಗಿರಬೇಕು, ಎಂಥ ಹೋಲಿಕೆ ಎಂದನಂತೆ. ಅವನ ಕಣ್ಣಿಗಿಷ್ಟು ಮಣ್ಣು ಹಾಕ.

ಬಾಳೆತೋಟದಲ್ಲಿ ನಾಲೋಂಗೊಳ ಗಂಡನ ಗೋರಿಯನ್ನೇ ಅಮ್ಮನದೆಂದು ತೋರಿಸಿದರು. ಕಿಜ್ಜಾ ಹೂವಿಟ್ಟು ಹಾಡಿದಳು. ನಿಜವಾಗಿಯೇ ಅತ್ತಳು, ಅದನ್ನು ಸುಳ್ಳೆನ್ನಲಾರೆ. ಅಕ್ಕ ಹೇಗೆ ಸತ್ತಳೆಂದು ಕ್ಯಾಮೆರಾದವನು ಕೇಳಿದ. ಮುತ್ಯಾಬ ಆ ಪ್ರಶ್ನೆಯನ್ನು ನೆಲ ನೋಡುತ್ತ ತಿರುಗಿಸಿ ಕೇಳಿದ.

"ಸತ್ತಳು ಅನ್ಬೇಡಪ್ಪ," ಎಂದಳು ನಾಲೋಂಗೊ. "ಹಾರಿಹೋದಳು ಅನ್ನು."

ಒಂದಕ್ಕೆ ಹತ್ತು ಸೇರಿಸುವ ಮುತ್ಯಾಬ ಅವತ್ತು ಅದಕ್ಕೆ ಏನನ್ನೂ ಸೇರಿಸಲಿಲ್ಲ.

ಕೆಲಸ ಮುಗಿಯಿತು. ಕ್ಯಾಮೆರಾ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆ ಕಾರಿಗೆ ಹೋಯಿತು, ಅವರೆಲ್ಲ ಒಳಗೆ ಕೂತು ಬಾಗಿಲು ಹಾಕಿಕೊಂಡರು. ನಾಲೋಂಗೊ ಇದಕ್ಕೇ ಕಾದಿದ್ದಳು. ಬಾಳೆಲೆಯಲ್ಲಿ ಸುತ್ತಿದ ಬಿಸಿ ಗೊಂಜ ಹಿಡಿದು ಮಗಳ ಮುಂದೆ ನಿಂತಳು. ಹತ್ತಿರ ಇದ್ದವಳು ನಾನೊಬ್ಬಳೇ. ಕಿಜ್ಜಾ ಮಂಡಿಯೂರಿ ಎರಡೂ ಕೈಯಲ್ಲಿ ಪೊಟ್ಟಣ ತೆಗೆದುಕೊಂಡಳು.

"ಹೋಗಿ ಬರ್ತೀನಿ, ಚಿಕ್ಕಮ್ಮ" ಎಂದಳು.

ತಡವರಿಸಲೂ ಇಲ್ಲ. ಕಾರಿನವರ ಭಯವೋ, ರೂಢಿಯಾಗಿಬಿಟ್ಟಿತ್ತೋ, ಇವತ್ತಿಗೂ ನನಗೆ ತಿಳಿಯದು. ನಾನು ಬಾಯಿ ತೆರೆದೆ. ನಾಲೋಂಗೊ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೋಗಿ ಬಾ ಮಗಳೇ" ಎಂದಳು. "ನಿಮ್ಮಮ್ಮ ಇದ್ದಿದ್ರೆ ತುಂಬ ಖುಷಿಪಡ್ತಿದ್ಲು."