ಬೆಳಕು ಹೆಚ್ಚಾದ ದುರ್ಬೀನು

ಬನಹಟ್ಟಿಯ ಶಂಕರೆಪ್ಪ ಅವರಿಗೆ ಈಗ ಐವತ್ತೊಂಬತ್ತು. ಮಗ್ಗದ ಮೋಟಾರಿಗೆ ತಂತಿ ಸುತ್ತುವುದು, ಸ್ಟಾರ್ಟರ್ ರಿಪೇರಿ, ಶೆಡ್ಡುಗಳಿಗೆ ದೀಪ ಜೋಡಿಸುವುದು ಮೂವತ್ತೈದು ವರ್ಷದಿಂದ ಅವರ ಕಸುಬು. ತಂದೆ ಕೈಮಗ್ಗದಲ್ಲಿ ಕೂತವರು. ಮಗ ಮಗ್ಗ ಬಿಟ್ಟರೂ ಮಗ್ಗದ ಮನೆಯ ಒಂದು ನಂಬಿಕೆಯನ್ನು ಬಿಡಲಿಲ್ಲ. ಮಗ್ಗದ ಉದ್ದನೂಲಿನ ಹಾಸಿನಲ್ಲಿ ಒಂದು ಎಳೆ ಹರಿದರೂ ನೇಕಾರನಿಗೆ ಕಾಣಬೇಕು, ಅದಕ್ಕೆ ಬೆಳಕು ಎಷ್ಟಿದ್ದರೂ ಕಡಿಮೆಯೇ. ಊರಿನ ಅರ್ಧ ಶೆಡ್ಡುಗಳ ಹಳದಿ ಬಲ್ಬು ಕಿತ್ತು ಬಿಳಿ ಎಲ್‌ಇಡಿ ಹಾಕಿದವರು ಅವರೇ.

ಶಂಕರೆಪ್ಪ ಅವರನ್ನು ರನ್ನ ಬೆಳಗಲಿಯ ಜಕ್ಕಪ್ಪ ಹುಡುಕಿಕೊಂಡು ಬಂದದ್ದೂ ಈ ಹೆಸರು ಕೇಳಿಯೇ. ಜಕ್ಕಪ್ಪ ಪಶು ಆಸ್ಪತ್ರೆಯೊಂದರಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಕುರಿಗಾರರ ಮನೆತನ. ಎಲ್ಲೋ ಮುಚ್ಚಿದ ಕಾಲೇಜಿನ ಸಾಮಾನು ಹರಾಜಾದಾಗ ಅವರು ಒಂದು ಹಳೆಯ ಮೈಕ್ರೋಸ್ಕೋಪ್ ಹಿಡಿದುಕೊಂಡಿದ್ದರು. ಊರವರು ಅದಕ್ಕೆ ದುರ್ಬೀನು ಎನ್ನುತ್ತಿದ್ದರು, ಅವರಿಗೆ ದುರ್ಬೀನ ಜಕ್ಕಪ್ಪ. ಸುತ್ತಲಿನ ಕುರಿಗಾರರು ಮಳೆಗಾಲದಲ್ಲಿ ಎಲೆಯಲ್ಲಿ ಹಿಕ್ಕೆ ಕಟ್ಟಿಕೊಂಡು ಬರುತ್ತಿದ್ದರು. ಜಕ್ಕಪ್ಪ ಅದನ್ನು ಉಪ್ಪುನೀರಿನಲ್ಲಿ ಕಲಸಿ, ಮೇಲೆ ತೇಲಿದ್ದನ್ನು ಗಾಜಿನ ಪಟ್ಟಿಗೆ ಹಚ್ಚಿ, ಹುಳದ ತತ್ತಿ ಇದೆಯೇ ಇಲ್ಲವೇ ಎಂದು ನೋಡಿ ಹೇಳುತ್ತಿದ್ದರು. ಇದ್ದರೆ ಔಷಧಿ, ಇಲ್ಲದಿದ್ದರೆ ಬೇಡ. ಸುಮ್ಮಸುಮ್ಮನೆ ಕುಡಿಸಿದರೆ ಹುಳಕ್ಕೆ ರೂಢಿಯಾಗಿ ಮುಂದೆ ಔಷಧಿ ನಾಟುವುದಿಲ್ಲ ಎಂಬುದು ಅವರು ಆಸ್ಪತ್ರೆಯಲ್ಲಿ ಕಲಿತ ಪಾಠ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಮಾತು ನಡೆಯುತ್ತಿತ್ತು, ಅವರಿಗೆ ಅಷ್ಟೇ ಸಾಕಿತ್ತು.

ಎರಡು ವರ್ಷದ ಹಿಂದೆ ದುರ್ಬೀನಿನ ಬಲ್ಬು ಸುಟ್ಟಿತು. ಅಂಥ ಬಲ್ಬು ಜಮಖಂಡಿಯಲ್ಲೂ ಸಿಗಲಿಲ್ಲ, ಬೆಳಗಾವಿಯಲ್ಲೂ ಸಿಗಲಿಲ್ಲ. ಜಕ್ಕಪ್ಪ ಮೈಕ್ರೋಸ್ಕೋಪನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಬನಹಟ್ಟಿಗೆ ಬಂದರು.

ಶಂಕರೆಪ್ಪ ಅವರ ಹೆಂಡತಿ ಅನಸವ್ವ ಅದನ್ನು ನೋಡಿ ನಕ್ಕರಂತೆ. "ಕಂಬಳ್ಯಾಗ ಕೂಸಿನಂಗ ಸುತ್ಕೊಂಡ್ ಬಂದೀರಲ್ಲರಿ, ಥಂಡಿ ಹತ್ತೇತೇನು ಅದಕ್ಕ?"

"ಕೂಸ ಅಲ್ಲ ಯವ್ವಾ, ನಮ್ಮ ಮಂದಿ ಡಾಕ್ಟರ ಇದು" ಎಂದರು ಜಕ್ಕಪ್ಪ.

ಶಂಕರೆಪ್ಪ ಬುಡ ಬಿಚ್ಚಿದರು. ಒಳಗೆ ಒಂದು ಟ್ರಾನ್ಸ್‌ಫಾರ್ಮರ್, ಬೆಳಕು ಹೆಚ್ಚು ಕಡಿಮೆ ಮಾಡುವ ಒಂದು ಗುಂಡಿ. ಎರಡನ್ನೂ ತೆಗೆದು ಬದಿಗಿಟ್ಟು, ಮೂರು ವ್ಯಾಟಿನ ಬಿಳಿ ಎಲ್‌ಇಡಿ ಕೂಡಿಸಿದರು. ಮೊಬೈಲ್ ಚಾರ್ಜರ್ ಸಾಕು, ಬಿಸಿ ಆಗುವುದಿಲ್ಲ, ಇಪ್ಪತ್ತು ವರ್ಷ ಬಾಳುತ್ತದೆ.

"ಈ ಗುಂಡಿ ನಾ ತಿರುಗಸ್ತಿದ್ನೆಪಾ" ಎಂದರು ಜಕ್ಕಪ್ಪ.

"ಅದು ಬಲ್ಬ್ ಸುಡಬಾರದಂತ ಇಟ್ಟಿದ್ರು ಜಕ್ಕಪ್ಪಣ್ಣಾ. ಈಗ ಆ ತ್ರಾಸನ ಇಲ್ಲ."

ಜಕ್ಕಪ್ಪ ಒಪ್ಪಿಕೊಂಡರು. ಕರೆಂಟಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಇನ್ನು ಗುಂಡಿಯನ್ನು ತಮ್ಮ ಎಡಗೈ ಏಕೆ ತಿರುಗಿಸುತ್ತಿತ್ತು ಎಂದು ಅವರೂ ಎಂದೂ ಯೋಚಿಸಿರಲಿಲ್ಲ.

ಪರೀಕ್ಷೆಗೆಂದು ಶಂಕರೆಪ್ಪ ಕೈಗೆ ಸಿಕ್ಕಿದ್ದನ್ನೇ ಇಟ್ಟರು: ಸೀರೆಯ ಅಂಚಿನ ಒಂದು ಕೆಂಪು ನೂಲು. ನೂಲಿನ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಂಡಿತು. ಇಬ್ಬರೂ ಸರದಿಯ ಮೇಲೆ ನೋಡಿದರು. ಹಳೆಯ ಬಲ್ಬಿನಲ್ಲಿ ಇಷ್ಟು ಚೆನ್ನಾಗಿ ಏನೂ ಕಂಡಿರಲಿಲ್ಲ ಎಂದು ಜಕ್ಕಪ್ಪ ಖುಷಿಪಟ್ಟರು. ಟ್ರಾನ್ಸ್‌ಫಾರ್ಮರ್ ಮತ್ತು ಗುಂಡಿ ಅದೇ ವಾರ ಗುಜರಿಗೆ ಹೋದವು.

ಅದಾಗಿ ತಿಂಗಳೊಳಗೆ ಅನಗವಾಡಿಯ ಕುರಿಗಾರ ಮಾಳು ಜಕ್ಕಪ್ಪ ಅವರ ಮನೆಗೆ ಬಂದ. ಬೆಳಗಲಿಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ. ಮರಿಗಳು ಸೊರಗಿವೆ, ಕಣ್ಣಿನ ಒಳರೆಪ್ಪೆ ಬಿಳುಚಿದೆ ಎಂದ. ಜಕ್ಕಪ್ಪ ಮೂರು ಪಟ್ಟಿ ನೋಡಿದರು. ಮೂರರಲ್ಲೂ ಶುಭ್ರ ಬಿಳಿ.

"ತತ್ತಿ ಇಲ್ಲೋ ಮಾಳು. ಮೇವಿಂದ ಇರಬೇಕು. ಔಷಧಿ ಹಾಕಬ್ಯಾಡ."

ಎಂಟು ದಿನದಲ್ಲಿ ಹನ್ನೊಂದು ಮರಿ ಸತ್ತವು. ಪಶುವೈದ್ಯರು ಒಂದರ ಹೊಟ್ಟೆ ಕೊಯ್ದರು. ಸಂಜೆಯೇ ಜಕ್ಕಪ್ಪ ಫೋನ್ ಮಾಡಿ ಶಂಕರೆಪ್ಪ ಅವರನ್ನು ಕರೆದರು, ಏಕೆಂದು ಹೇಳಲಿಲ್ಲ. ಮರುದಿನ ಮುಂಜಾನೆ ಶಂಕರೆಪ್ಪ ಹೋದಾಗ ಮೇಜಿನ ಮೇಲೆ ಬಾಟಲಿಯೊಂದರಲ್ಲಿ ಆ ಮರಿಯ ಹೊಟ್ಟೆಯಿಂದ ತೆಗೆದ ಹುಳಗಳಿದ್ದವು. "ಕೆಂಪು, ಬಿಳಿ ಎರಡೆಳೆ ಕೂಡಿಸಿ ಹೊಸೆದ ನೂಲು ಇದ್ದಂಗ ಇದ್ವರಿ" ಎಂದು ಅವರು ನನಗೆ ಹೇಳಿದರು.

ಜಕ್ಕಪ್ಪ ಬದುಕುಳಿದ ಮರಿಯೊಂದರ ಹಿಕ್ಕೆಯ ಪಟ್ಟಿ ಇಟ್ಟು, ನೋಡು ಎಂದರು. ಶಂಕರೆಪ್ಪ ಕಣ್ಣು ಇಟ್ಟರು. ಬರೀ ಬಿಳುಪು.

"ಏನೂ ಕಾಣವಲ್ದು."

ಜಕ್ಕಪ್ಪ ಹೆಗಲ ಮೇಲಿನ ಟವೆಲ್ಲನ್ನು ಎರಡು ಮಡಿಕೆ ಮಾಡಿ ದೀಪದ ಮೇಲೆ ಹಿಡಿದರು. ಬೆಳಕು ಇಳಿಯಿತು. ಆ ಮಬ್ಬಿನಲ್ಲಿ ಒಂದು ತತ್ತಿ, ಪಕ್ಕದಲ್ಲಿ ಇನ್ನೊಂದು, ನೋಡುತ್ತ ನೋಡುತ್ತ ಇಪ್ಪತ್ತಕ್ಕೂ ಹೆಚ್ಚು. ಬಣ್ಣ ಹಾಕಿದ ನೂಲು ಎಷ್ಟು ಬೆಳಕಿದ್ದರೂ ಕಾಣುತ್ತದೆ. ಹುಳದ ತತ್ತಿ ನೀರಿನಷ್ಟೇ ತಿಳಿ, ಬೆಳಕು ಹೆಚ್ಚಾದರೆ ಅದರಲ್ಲೇ ಕರಗಿಹೋಗುತ್ತದೆ. ಆ ಗುಂಡಿ ಇದ್ದದ್ದು ಬೆಳಕು ಇಳಿಸುವುದಕ್ಕೆ.

"ತಪ್ಪು ನಂದಣ್ಣಾ" ಎಂದರು ಶಂಕರೆಪ್ಪ.

"ನಿಂದ್ ಹೆಂಗಾಕ್ಕೈತಿ? ಕಾಣವಲ್ದು ಅನ್ನೂದಕ್ಕೂ ಇಲ್ಲ ಅನ್ನೂದಕ್ಕೂ ಫರಕ ಐತಿ. ನಾ ಇಲ್ಲ ಅಂದೆ."

ಎರಡೇ ದಿನದಲ್ಲಿ ಶಂಕರೆಪ್ಪ ಎಲ್‌ಇಡಿಗೆ ಹೊಸ ಗುಂಡಿ ಜೋಡಿಸಿ ಕೊಟ್ಟರು. ಕೆಲಸ ಅರ್ಧ ತಾಸಿನದು. ಮೊದಲೇ ಮಾಡಬಹುದಾಗಿತ್ತು ಎಂಬುದೇ ಅವರಿಗೆ ಹೆಚ್ಚು ಚುಚ್ಚುತ್ತದೆ. ಆಮೇಲೆ ಜಕ್ಕಪ್ಪ ಅವರಿಗೆ ಹೇಳದೆ ಶಂಕರೆಪ್ಪ ಒಬ್ಬರೇ ಅನಗವಾಡಿಗೆ ಹೋದರು.

ಮಾಳು ಹಟ್ಟಿಯ ಮುಂದೆ ಕಂಬಳಿ ಹಾಸಿ ಕೂರಿಸಿದ, ಮಜ್ಜಿಗೆ ಕೊಟ್ಟ. ಶಂಕರೆಪ್ಪ ದೀಪದ ಕತೆಯನ್ನೆಲ್ಲ ಹೇಳಿದರು. ಜಕ್ಕಪ್ಪಣ್ಣನ ಕಣ್ಣಿನದಾಗಲಿ ಮಾತಿನದಾಗಲಿ ದೋಷವಲ್ಲ, ಮತ್ತೆ ಅಲ್ಲಿಗೇ ಹೋಗು ಎಂದರು.

"ನೀವು ಇಷ್ಟ ದೂರ ಬಂದ್ರಿ, ಛಲೋ ಆತ್ರಿ. ನಂಗ ಯಾರ ಮ್ಯಾಲೂ ಸಿಟ್ಟಿಲ್ಲ" ಎಂದ ಮಾಳು. "ಮರಿ ರೆಪ್ಪಿ ನಾನ ಬಿಡಿಸಿ ನೋಡಿದ್ದೆ, ಸುಣ್ಣದಂಗ ಬೆಳ್ಳಗಾಗಿತ್ತು. ನಮ್ಮಪ್ಪ ಇದ್ದಿದ್ರ ಅಲ್ಲೇ ಔಷಧಿ ಹಾಕ್ತಿದ್ದ. ಕಣ್ಣ ಬಿಟ್ಟು ದುರ್ಬೀನ ನಂಬಿದೆ. ಇನ್ನ ಮ್ಯಾಲ ಯಾರ್ನೂ ಕೇಳಾಂಗಿಲ್ಲರಿ."

ಈ ಮಾತು ಕುರಿಗಾರರ ನಡುವೆ ಬಾಯಿಂದ ಬಾಯಿಗೆ ಹೋಯಿತು. ಯಾರೂ ಜಕ್ಕಪ್ಪ ಅವರನ್ನು ಬೈಯಲಿಲ್ಲ. ಎದುರಾದರೆ ಇಂದಿಗೂ ನಿಂತು ಮಾತಾಡಿಸುತ್ತಾರೆ, ಎಲೆ ಅಡಿಕೆ ಕೊಡುತ್ತಾರೆ. ಹಿಕ್ಕೆ ಮಾತ್ರ ತರುವುದಿಲ್ಲ.

ಶಂಕರೆಪ್ಪ ತಿಂಗಳಿಗೊಮ್ಮೆ ಬೆಳಗಲಿಗೆ ಹೋಗುತ್ತಾರೆ. ತಂತಿ ಸಡಿಲಾಗಿದೆಯೇ ನೋಡುವುದಕ್ಕೆ ಎನ್ನುತ್ತಾರೆ, ತಂತಿ ಒಮ್ಮೆಯೂ ಸಡಿಲಾಗಿಲ್ಲ. ಹೋದ ತಿಂಗಳು ನಾನೂ ಜೊತೆಗಿದ್ದೆ. ಜಕ್ಕಪ್ಪ ಮೈಕ್ರೋಸ್ಕೋಪಿನ ಮುಂದೆ ಬಾಗಿ, ಎಡಗೈಯಿಂದ ಬೆಳಕು ಇಳಿಸುತ್ತ, ಮನೆಯಲ್ಲಿ ಕಟ್ಟಿದ ಎರಡು ಆಡುಗಳ ಹಿಕ್ಕೆಯನ್ನು ನೋಡುತ್ತಿದ್ದರು.