ಆಪಾ ಹಾಕಿದ ಸಹಿ

ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವಾಗಲೋ ಸರ್ವರ್ ಎತ್ತಿಡುವಾಗ ಜಾರಿ ಬೆರಳ ಮೇಲೆ ಬಿದ್ದಿತ್ತಂತೆ. ಆಮೇಲೆ ಅದು ಕೂಡಿಕೊಳ್ಳಲೇ ಇಲ್ಲ. ಪರದೆಯ ಮೇಲೆ ಏನಾದರೂ ತೋರಿಸಬೇಕಾದರೆ ಆ ಉಗುರಿನಿಂದಲೇ ಟಕ್ ಟಕ್ ಎಂದು ಬಡಿಯುತ್ತಿದ್ದರು. ಆ ಸದ್ದು ಕೇಳಿದರೆ ನಾವು ಏನೋ ತಪ್ಪು ಮಾಡಿದ್ದೇವೆ ಎಂದೇ ಅರ್ಥ.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಇದ್ದ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಅವರು ಮುಖ್ಯಸ್ಥೆ. ಬೀರೂರಿನವರು. ಮನೆಯಲ್ಲಿ ದಖನಿ, ನಮ್ಮ ಜೊತೆ ಅಪ್ಪಟ ಕಡೂರಿನ ಕನ್ನಡ. ಡಾಕ್ಟರಿಂದ ಆಯಾವರೆಗೆ ಎಲ್ಲರಿಗೂ ಅವರು ‘ಆಪಾ’, ಅಂದರೆ ಅಕ್ಕ. ಅವರ ಕೈಕೆಳಗೆ ಎಂಟು ವರ್ಷ ಕೆಲಸ ಮಾಡಿದೆ. ಊಟದ ಡಬ್ಬಿ ತೆರೆದರೆ ಮುಚ್ಚಳದಲ್ಲಿ ನನ್ನ ಪಾಲು ಹಾಕಿಯೇ ತಾವು ತಿನ್ನುತ್ತಿದ್ದರು. “ಎರಡು ಸಲ ನೋಡಿದ್ರಾ?” ಎಂದು ದಿನಕ್ಕೆ ಹತ್ತು ಸಲವಾದರೂ ಕೇಳುತ್ತಿದ್ದರು.

ಆ ವಾರ ಕಡೂರಿನ ಹಳೇ ಕಟ್ಟಡದಲ್ಲಿದ್ದ ನಮ್ಮ ಡೇಟಾ ಸೆಂಟರ್ ತರೀಕೆರೆಯ ಹೊಸ ಕಟ್ಟಡಕ್ಕೆ ಹೋಗಬೇಕಿತ್ತು. ದೊಡ್ಡದೇನಲ್ಲ, ಒಂದು ಎಸಿ ಕೋಣೆ, ನಾಲ್ಕು ಸರ್ವರ್. ಆದರೆ ಅವುಗಳೊಳಗೆ ಇಪ್ಪತ್ತಾರು ವರ್ಚುವಲ್ ಮಷೀನ್‌ಗಳು, ಅಂದರೆ ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆಯಾಗಿ ನಡೆಯುವ ಕಂಪ್ಯೂಟರ್‌ಗಳು: ಸ್ಕ್ಯಾನಿಂಗಿಗೊಂದು, ಔಷಧಿಗೊಂದು, ರಕ್ತನಿಧಿಗೊಂದು. ಇವೆಲ್ಲದರ ನಕಲನ್ನು ಇಂಟರ್ನೆಟ್ ಲೈನಿನಲ್ಲಿ ತರೀಕೆರೆಗೆ ಕಳಿಸಿ, ಭಾನುವಾರ ಇಲ್ಲಿ ಆಫ್ ಮಾಡಿ ಅಲ್ಲಿ ಚಾಲೂ ಮಾಡಬೇಕು. ಅಂದೇ ಸಂಜೆಯೊಳಗೆ ಕಟ್ಟಡ ಖಾಲಿ ಮಾಡಿಕೊಡಬೇಕು.

ಬುಧವಾರ ಬೆಳಿಗ್ಗೆ ಪರದೆ ನೋಡಿದರೆ, ನಕಲು ಮುಗಿಯಲು ಇನ್ನೂ ಹನ್ನೊಂದು ದಿನ ಎಂದು ತೋರಿಸುತ್ತಿತ್ತು. ಇದ್ದದ್ದು ನಾಲ್ಕೇ ದಿನ.

ಆಪಾ ಕುರ್ಚಿ ಎಳೆದು ಪರದೆಯ ಮುಂದೆ ಕೂತರು. “ಲೈನ್ ದೊಡ್ಡದು ಮಾಡೋಕೆ ನಮ್ಮ ಕೈಲಿ ಆಗಲ್ಲ. ಕಳಿಸೋದನ್ನ ಕಮ್ಮಿ ಮಾಡೋಣ ಕಣ್ರೀ” ಎಂದರು.

ಸ್ಕ್ಯಾನಿಂಗಿನ ವರ್ಚುವಲ್ ಮಷೀನೇ ಎಲ್ಲಕ್ಕಿಂತ ಭಾರ. ಅದನ್ನು ಇಲ್ಲೇ ಒಂದು ಡಿಸ್ಕಿಗೆ ಇಳಿಸಿ, ಕೈಯಲ್ಲೇ ತರೀಕೆರೆಗೆ ಒಯ್ದರೆ, ಆಮೇಲೆ ಲೈನಿನಲ್ಲಿ ಹೋಗಬೇಕಾದದ್ದು ಹೊಸದಾಗಿ ಬದಲಾದಷ್ಟೇ. ಡಿಸ್ಕನ್ನು ಉಣ್ಣೆ ಶಾಲಿನಲ್ಲಿ ಸುತ್ತಿ, ಬೀರೂರಿನಿಂದ ರೈಲಿನಲ್ಲಿ ತಾವೇ ಒಯ್ಯುತ್ತೇನೆಂದರು. ನನಗೆ ಒಪ್ಪಿಸಿದ್ದು ಇನ್ನೊಂದು ಕೆಲಸ. ಪ್ರತಿ ಮಷೀನಿನಲ್ಲೂ ತಾತ್ಕಾಲಿಕ ಕಡತಗಳಿಗೆಂದೇ ಇದ್ದ ಡಿಸ್ಕುಗಳನ್ನು ಗುರುತಿಸಿ ಪಟ್ಟಿ ಮಾಡಬೇಕು. ಅವನ್ನು ನಕಲಿನಿಂದ ಕೈಬಿಟ್ಟರೆ ಅರ್ಧಕ್ಕರ್ಧ ಭಾರ ಇಳಿಯುತ್ತದೆ.

ಪಟ್ಟಿ ಮಾಡಿದೆ. ರಕ್ತನಿಧಿಯ ಮಷೀನಿನಲ್ಲಿ ‘ಟೆಂಪ್’ ಎಂಬ ಹೆಸರಿನ ಡಿಸ್ಕಿತ್ತು. ಹೆಸರು ನೋಡಿ ಬರೆದುಕೊಂಡೆ, ತೆರೆದು ನೋಡಲಿಲ್ಲ.

“ಎರಡು ಸಲ ನೋಡಿದ್ರಾ?”

“ನೋಡಿದೆ ಆಪಾ.”

ರೈಲಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತೇ ಪಟ್ಟಿಗೆ ಸಹಿ ಹಾಕಿ ಹೊರಟರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ದಿನ ಎಂದಿದ್ದದ್ದು ಮೂರು ತಾಸಿಗೆ ಇಳಿದಿತ್ತು. ಭಾನುವಾರ ಹತ್ತು ಗಂಟೆಗೆಲ್ಲ ತರೀಕೆರೆಯಲ್ಲಿ ಇಪ್ಪತ್ತಾರೂ ಎದ್ದು ನಿಂತವು. ಮಧ್ಯಾಹ್ನ ಕಡೂರಿನಲ್ಲಿ ಆಪಾ ಮತ್ತು ನಾನು ಹಳೇ ಸರ್ವರ್‌ಗಳನ್ನು ಪಿಕಪ್ಪಿಗೆ ಏರಿಸಿದೆವು. ಅವನ್ನು ಮಾರಿಯಾಗಿತ್ತು; ಕೊಂಡವರು ಮೊದಲು ಮಾಡುವ ಕೆಲಸವೇ ಡಿಸ್ಕುಗಳನ್ನು ಅಳಿಸುವುದು.

ಆಗ ಅಜ್ಜಂಪುರದ ಸಿಸ್ಟರ್ ಫೋನು ಬಂತು. “ಆಪಾ, ಹೆರಿಗೆಯಾದೋಳಿಗೆ ರಕ್ತ ನಿಲ್ತಿಲ್ಲ. ಹಿಂದೆ ರಕ್ತ ಏರಿಸಿದಾಗ ರಿಯಾಕ್ಷನ್ ಆಗಿತ್ತು. ಯಾವ ರಕ್ತ ಒಗ್ಗಲ್ಲ ಅನ್ನೋ ಹಳೇ ರಿಪೋರ್ಟ್ ತೆರೀತಾನೇ ಇಲ್ಲ. ಹೊಸದಾಗಿ ಟೆಸ್ಟ್ ಮಾಡೋಷ್ಟು ಟೈಮಿಲ್ಲ!”

ಆಪಾ ನನ್ನ ಕಡೆ ತಿರುಗಿದರು. “ಆ ರಿಪೋರ್ಟ್‌ಗಳು ಎಲ್ಲಿರ್ತಾವೆ?”

ನಾನು ಪಟ್ಟಿ ಬಿಚ್ಚಿ ರಕ್ತನಿಧಿಯ ಸಾಲಿನ ಮೇಲೆ ಬೆರಳಿಟ್ಟೆ. “ಟೆಂಪ್‌ನಲ್ಲಿ ಇಟ್ಟಿದ್ರೇನೋ.”

ಹೊರಗೆ ಪಿಕಪ್ ಗೇಟು ದಾಟುತ್ತಿತ್ತು. ಆಪಾ ಚಪ್ಪಲಿ ಬಿಟ್ಟು ಓಡಿದರು. “ಠೈರೋ! ನಿಲ್ಸಪ್ಪಾ!” ಎಂದು ಕೂಗುತ್ತಾ ಗಾಡಿಗೆ ಅಡ್ಡ ನಿಂತೇಬಿಟ್ಟರು. ಡ್ರೈವರು ಗಾಬರಿಯಿಂದ ಬ್ರೇಕ್ ಹಾಕಿ, “ಏನಕ್ಕಾ, ಸಾಯೋಕ್ ಬಂದ್ಯಾ?” ಎಂದ. “ಬೈಯೋದು ಆಮೇಲೆ, ಮೊದ್ಲು ಇಳ್ಸು!”

ರಕ್ತನಿಧಿ ಇದ್ದ ಸರ್ವರನ್ನು ಮೂರು ಜನ ಹೊತ್ತು ತಂದೆವು. ಎಸಿ ಬಿಚ್ಚಿದ್ದ ಕೋಣೆ, ನೆಲದ ಮೇಲೆ ಸರ್ವರ್. ಸ್ವಿಚ್ ಒತ್ತಿದರೆ ಪರದೆ ಕಪ್ಪಾಗಿಯೇ ಇತ್ತು. ಹೊರುವಾಗ ಒಂದು ಡಿಸ್ಕು ಸಡಿಲವಾಗಿತ್ತು. ಆಪಾ ಮಂಡಿಯೂರಿ ಒಂದೊಂದನ್ನೇ ಅಂಗೈಯಿಂದ ಒತ್ತಿದರು. ಮತ್ತೆ ಸ್ವಿಚ್. ಫ್ಯಾನು ಗುಂಯ್‌ಗುಟ್ಟಿತು. ಫೋನಿನಲ್ಲಿ ಸಿಸ್ಟರ್ “ಆಪಾ… ಆಪಾ…” ಎನ್ನುತ್ತಲೇ ಇದ್ದರು. ನಾನು ಎರಡು ಸಲ ಪಾಸ್‌ವರ್ಡ್ ತಪ್ಪಾಗಿ ಒತ್ತಿದೆ; ಕೀಬೋರ್ಡನ್ನು ಆಪಾ ತಾವೇ ಎಳೆದುಕೊಂಡರು. ರಿಪೋರ್ಟ್ ತೆರೆಯಿತು. ಒಂದೊಂದೇ ಅಕ್ಷರ ಬಿಡಿಸಿ ಫೋನಿನಲ್ಲಿ ಓದಿ ಹೇಳಿದರು. ಆ ಕಡೆಯಿಂದ ತಿರುಗಿ ಓದಿಸಿಕೊಂಡರು. ಆಮೇಲೆ ಗೋಡೆಗೆ ಒರಗಿ ನೆಲದಲ್ಲೇ ಕೂತರು.

ಐದು ಗಂಟೆಗೆ ಸಿಸ್ಟರ್ ಮತ್ತೆ ಫೋನ್ ಮಾಡಿದರು. ತಾಯಿ ಉಳಿದಿದ್ದಳು.

ಮರುವಾರ ವಿಚಾರಣೆ. ಆಡಳಿತದವರು ಪಟ್ಟಿ ಹಿಡಿದು ಕೇಳಿದರು, “ಇದನ್ನ ಕೈಬಿಟ್ಟಿದ್ದು ಯಾರು?” ನಾನು ಬಾಯಿ ತೆರೆಯುವ ಮೊದಲೇ ಆಪಾ, “ಸಹಿ ನಂದು” ಎಂದರು. ಬಾಯಿ ತೆರೆಯುವ ಮೊದಲೇ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅವರು ಹೇಳಿದ ಮೇಲೂ ನಾನು ಬಾಯಿ ತೆರೆಯಲಿಲ್ಲ. ಮೂರು ತಿಂಗಳ ನಂತರ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಅವರ ಕುರ್ಚಿ ನನಗೆ ಬಂತು.

ಆ ಕುರ್ಚಿಯಲ್ಲಿ ಕೂರಲಾಗದೆ ಒಂದು ದಿನ ಬೀರೂರಿಗೆ ಹೋದೆ. “ಆಪಾ, ನಾನು ತೆರೆದು ನೋಡಿರಲಿಲ್ಲ. ಸುಳ್ಳು ಹೇಳಿದ್ದೆ” ಎಂದೆ.

ಚಹಾ ಸೋಸುತ್ತಿದ್ದವರು ತಲೆಯೆತ್ತಲಿಲ್ಲ. “ಗೊತ್ತಿತ್ತು. ನೀವು ‘ನೋಡಿದೆ’ ಅಂದಾಗ್ಲೇ ಅನುಮಾನ ಬಂತು. ರೈಲು ತಪ್ಪುತ್ತೆ ಅಂತ ನಾನೂ ಸಹಿ ಹಾಕ್ಬಿಟ್ಟೆ. ಅವಸರ ಇಬ್ರದ್ದೂ.”

ಮರುದಿನ ಆಡಳಿತಕ್ಕೆ ಎಲ್ಲವನ್ನೂ ಪತ್ರದಲ್ಲಿ ಬರೆದು ಕೊಟ್ಟೆ. ನನಗೆ ಹಿಂಬಡ್ತಿಯಾಯಿತು. ಅವರನ್ನು ವಾಪಸ್ ಕರೆದರು. ಅಷ್ಟರಲ್ಲಿ ಅವರು ಶಿವಮೊಗ್ಗದಲ್ಲಿ ಬೇರೆ ಕೆಲಸ ಹಿಡಿದಾಗಿತ್ತು, ಬರಲಿಲ್ಲ.

ಕಳೆದ ವರ್ಷ ಆಪಾ ಹೃದಯಾಘಾತದಿಂದ ಹೋಗಿಬಿಟ್ಟರು. ಮಣ್ಣು ಮಾಡುವ ದಿನ ಅವರ ಮನೆಯ ಬಾಗಿಲಲ್ಲಿ ಒಳಗೆ ಹೋಗಲು ಹಿಂಜರಿದು ನಿಂತಿದ್ದೆ. ಅವರ ಮಗಳು ಹತ್ತಿರ ಬಂದು ಯಾರೆಂದು ಕೇಳಿದಳು. ಹೆಸರು ಹೇಳಿದೆ.

“ಓ, ಆ ಪತ್ರ ಬರೆದವರು ನೀವೇನಾ?” ಎಂದಳು. “ಅಮ್ಮಿ ಯಾವಾಗ್ಲೂ ಹೇಳೋರು. ಒಳಗೆ ಬನ್ನಿ.”

ವಿಚಾರಣೆಯಲ್ಲಿ ನಾನು ಸುಮ್ಮನೆ ಕೂತಿದ್ದ ದಿನದ ಬಗ್ಗೆ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.