ಹೆದರಿಕೆಯಿಲ್ಲದ ಮರಿಮೀನುಗಳು

ಗೆಳೆಯರೇ, ಇವತ್ತು ಗುತ್ತಲದ ಹತ್ತಿರ ಹೊಳೆಯ ನಡುವೆ ದೋಣಿಯಲ್ಲಿ ಕುಳಿತು ಟಿವಿ ನೋಡಿ ಬಂದೆ. ನೀರೊಳಗಿನ ಮೀನು ತೋರಿಸುವ ಯಂತ್ರವದು. ಮೀನುಗಾರ ಗೆಳೆಯ ನಿಂಗಪ್ಪ ಅಳಿಯನಿಂದ ಕೇಳಿ ತಂದಿದ್ದ. ದೊಡ್ಡ ಮೀನು ಕಂಡರೆ ದೋಣಿ ಉಳಿಸಿಕೊಳ್ಳುವುದು, ಇಲ್ಲದಿದ್ದರೆ ಇವತ್ತೇ ಮಾರುವುದು ಎಂದು ಹಟ ಹಿಡಿದಿದ್ದ.

ಪರದೆಯ ಮೇಲೆ ಮೋಡದಂಥದ್ದೇನೋ ಮೂಡಿತು.

"ಲೇ, ಪಿಕ್ಚರ್ ಚಾಲೂ ಆತು! ಹೀರೋ ಬಂದ ನೋಡು!" ಎಂದೆ.

"ಹೀರೋ ಅಲ್ಲೋ ಮುದುಕಾ, ಮರಿಮೀನಿನ ಹಿಂಡು."

"ಮರಿ ತಿನ್ನಾಕ ದೊಡ್ಡವು ಬಂದ ಬರ್ತಾವ. ಮರಿ ಕಂಡ್ರೂ ಮಾರಿ ಯಾಕ ಸಣ್ಣ ಮಾಡೀದಿ?"

ನಿಂಗಪ್ಪ ಪರದೆಯ ಮೇಲೆ ಬೆರಳಿಟ್ಟ. "ದೊಡ್ಡವು ಬೆನ್ನ ಹತ್ತಿದ್ರ ಇವು ಉಂಡಿಯಂಗ ಒತ್ತಿ ನಿಲ್ತಿದ್ವು. ನೋಡಿಲ್ಲೆ, ಹೆಂಗ ಆರಾಮ ಹರಡ್ಯಾವ. ಇವನ್ನ ಹೆದರಸವರು ಯಾರೂ ಉಳಿದಿಲ್ಲೋ."

ಸಂಜೆಯವರೆಗೆ ಸುತ್ತಿದೆವು. ಎಲ್ಲ ಕಡೆ ಅದೇ ಸಡಿಲವಾದ ಮೋಡ.

ದಂಡೆಯಲ್ಲಿ ರಾಣೇಬೆನ್ನೂರಿನ ಫೋಟೋಗ್ರಾಫರ್ ಕಾಯುತ್ತಿದ್ದ. ಮದುವೆ ಜೋಡಿಗಳನ್ನು ಕೂರಿಸಿ ಫೋಟೋ ತೆಗೆಯಲು ದೋಣಿ ಬೇಕಂತೆ. ನಿಂಗಪ್ಪ ಹುಟ್ಟನ್ನು ಅವನ ಕೈಗಿಟ್ಟ.

ಮುಖ ಸಣ್ಣ ಮಾಡಿಕೊಂಡು ದೋಣಿಯಿಂದ ಇಳಿದವರಲ್ಲಿ ನಾವೇ ಕಡೆಯವರು. ಇನ್ನು ಆ ದೋಣಿ ಹತ್ತಿದವರೆಲ್ಲ ನಗಲೇಬೇಕು.